ನೋಡುವ ದಿನ

ಚೀಟಿ ಬಂದದ್ದು ಸೋಮವಾರ. ಮಗಳ ಚೀಲದಿಂದ ಊಟದ ಡಬ್ಬಿಯನ್ನು ತೊಳೆಯಲು ತೆಗೆದಾಗ ನಾಲ್ಕಾಗಿ ಮಡಚಿದ ಹಳದಿ ಕಾಗದವೊಂದು ಕೆಳಗೆ ಬಿತ್ತು.

"ಈ ವಾರ ನಿಮ್ಮ ಮಗುವಿನ ವಾರ. ಶುಕ್ರವಾರ ಒಂಬತ್ತು ಗಂಟೆಗೆ ಬಂದು ತರಗತಿಯಲ್ಲಿ ನಮ್ಮ ಜೊತೆ ಕೂರಿ. ಅಂದು ಕೇಳುವ ಆಟ ಆಡುತ್ತೇವೆ. ಗಂಟೆ, ಬೀಗದ ಕೈ, ಕಾಗದ, ಡ್ರಮ್ಮು."

ಸೊಸೆ ಗಟ್ಟಿಯಾಗಿ ಓದಿ ಮುಗಿಸುವಷ್ಟರಲ್ಲಿ ಅತ್ತೆಯ ಕೈಯಲ್ಲಿದ್ದ ಚಾಕು ಈರುಳ್ಳಿಯ ಅರ್ಧಕ್ಕೇ ನಿಂತಿತ್ತು.

"ಕೇಳೋ ಆಟಾನಾ?"

"ಹ್ಞೂಂ ಅತ್ತೆ."

"ಬೇರೆ ಯಾವ ಆಟಾನೂ ಸಿಗಲಿಲ್ವಂತಾ ಅವರಿಗೆ? ಓಡೋದು, ಕುಣಿಯೋದು ಇಟ್ಟಿದ್ರೆ ನಮ್ಮ ಬುಗುರಿ ಎಲ್ಲರ ಕಣ್ಣಿಗೂ ಮಣ್ಣೆರಚಿ ಮುಂದೆ ಹೋಗಿಬಿಡ್ತಿದ್ದಳು."

ಬುಗುರಿ ಎಂದರೆ ನಾಲ್ಕೂವರೆ ವರ್ಷದ ಮೊಮ್ಮಗಳು. ನಿಂತಲ್ಲಿ ನಿಲ್ಲದೆ ಗರಗರ ತಿರುಗುವವಳಾದ್ದರಿಂದ ಆ ಹೆಸರು. ಆಗ ಅವಳು ಬಾಗಿಲ ಬಳಿ ಇವರಿಗೆ ಬೆನ್ನು ಹಾಕಿ ಕೂತು, ಅಮ್ಮ ಅಂಗಡಿಯಿಂದ ತಂದ ಗುಂಡಿಗಳನ್ನು ಬಣ್ಣ ಬೇರೆ ಮಾಡಿ ಜೋಡಿಸುತ್ತಿದ್ದಳು. ತನ್ನ ಹೆಸರು ಬಂದರೂ ತಲೆ ಎತ್ತಲಿಲ್ಲ.

ಅವಳಿಗೆ ಕಿವಿ ಕೇಳಿಸುತ್ತಿರಲಿಲ್ಲ. ಪೂರ್ತಿ ಕೇಳಿಸದೋ ಅರ್ಧ ಕೇಳಿಸದೋ, ಮನೆಯವರಿಗೂ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಲು ಅವರು ಹೋಗಿರಲಿಲ್ಲ. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಪಾತ್ರೆಗಳ ಬುಟ್ಟಿ ಅತ್ತೆಯ ಕೈಜಾರಿ ನೆಲಕ್ಕೆ ಬಿದ್ದಿತ್ತು. ಮೇಲಿನ ಮನೆಯವರು ಏನಾಯಿತೋ ಎಂದು ಇಳಿದು ಓಡಿ ಬಂದರು. ಎರಡು ಮಾರು ದೂರದಲ್ಲಿ ಕೂತಿದ್ದ ಮಗು ಮಾತ್ರ ಬೊಂಬೆಗೆ ಅಂಗಿ ತೊಡಿಸುತ್ತಲೇ ಇತ್ತು. ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಚ್ಚಿಡುವ ಕೆಲಸ ಆವತ್ತಿನಿಂದಲೇ ಶುರುವಾಯಿತು.

ಅದಕ್ಕೆ ಕಾರಣವಿತ್ತು. ಅತ್ತೆಗೆ ಒಬ್ಬ ಮಗ, ಒಬ್ಬಳು ಮಗಳು. ಮಗಳಿಗೂ ಕಿವಿ ಕೇಳಿಸುತ್ತಿರಲಿಲ್ಲ. ಆರು ವರ್ಷವಾದಾಗ ಶಾಲೆಯವರು ಇವಳು ಇಲ್ಲಿ ಬೇಡ, ಇಂಥ ಮಕ್ಕಳಿಗೆ ಬೇರೆ ಶಾಲೆಯಿದೆ ಎಂದು ಬರೆದುಕೊಟ್ಟರು. ರೈಲಿನಲ್ಲಿ ಒಂದು ಹಗಲು ಒಂದು ರಾತ್ರಿಯ ದಾರಿ, ಹಾಸ್ಟೆಲು. ನಾಲ್ಕನೇ ತಿಂಗಳು ಜ್ವರ ಎಂದು ಸುದ್ದಿ ಬಂತು. ಇವರು ಹೋಗಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮಗ ಹೋಗಿ ಒಂದೂವರೆ ವರ್ಷ. ಕೆಲಸದ ಜಾಗದಲ್ಲಿ ಮೇಲಿನಿಂದ ಬಿದ್ದ. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಅವನ ಚಪ್ಪಲಿ ಬಾಗಿಲ ಹಿಂದೆ ಇದೆ. ನೆಲ ಒರೆಸುವಾಗ ಎತ್ತುತ್ತಾರೆ, ಒರೆಸಿ ಅಲ್ಲೇ ಇಡುತ್ತಾರೆ.

ಉಳಿದದ್ದು ಬುಗುರಿ.

"ಗೊತ್ತಾದ ದಿನ ಕಳಿಸಿಬಿಡ್ತಾರೆ, ನೋಡ್ತಿರು," ಅತ್ತೆ ಹೇಳುತ್ತಿದ್ದರು. ಸೊಸೆಗೆ ಅದು ನಿಜವೋ ಸುಳ್ಳೋ ಎಂದು ವಿಚಾರಿಸುವ ಧೈರ್ಯವೂ ಇರಲಿಲ್ಲ. ವಿಚಾರಿಸಿದರೆ ಯಾಕೆ ಕೇಳುತ್ತಿದ್ದೀರಿ ಎನ್ನುತ್ತಾರಲ್ಲ.

ಹಾಗಾಗಿ ಇಬ್ಬರೂ ಮಗುವನ್ನು ತಿದ್ದಿದರು. ಮಾತಾಡುವವರ ಮುಖವನ್ನೇ ನೋಡಬೇಕು. ಯಾರೇನು ಕೇಳಿದರೂ ತಲೆಯಾಡಿಸಿ ನಗಬೇಕು. ಬೇರೆಯವರು ಎದ್ದರೆ ಏಳಬೇಕು, ಕೂತರೆ ಕೂರಬೇಕು. ಮನೆಯಲ್ಲಿ ಕರೆಯಬೇಕಾದರೆ ಅತ್ತೆ ನೆಲಕ್ಕೆ ಕಾಲು ಕುಟ್ಟುತ್ತಿದ್ದರು. ಹಲಗೆಯ ನೆಲ, ಅದುರು ಮಗುವಿನ ಅಂಗಾಲಿಗೆ ತಲುಪುತ್ತಿತ್ತು. ಮಾತು ಅಷ್ಟಿಷ್ಟು ಬರುತ್ತಿತ್ತು, ಅರ್ಧಂಬರ್ಧ. ನಾಚಿಕೆ ಸ್ವಭಾವ ಎಂದು ಹೇಳಿ ಸೊಸೆ ಅದನ್ನೂ ದಾಟಿಸುತ್ತಿದ್ದಳು.

ಶಾಲೆ ಎರಡು ಬೀದಿ ಆಚೆ. ಸಣ್ಣ ಮಕ್ಕಳಿಗೆಂದೇ ಇದ್ದದ್ದು, ಮೂರು ಕೋಣೆ, ಹಿಂದೆ ಮರಳಿನ ಅಂಗಳ. ಅಲ್ಲಿ ಪರೀಕ್ಷೆ ಇಲ್ಲ, ಅಂಕ ಇಲ್ಲ. ಬದಲಿಗೆ ಟೀಚರ್ ವಾರಕ್ಕೊಂದು ಮಗುವನ್ನು ಆರಿಸಿಕೊಂಡು ಕಣ್ಣಿಟ್ಟು ನೋಡುತ್ತಿದ್ದಳು. ಯಾವ ಕೈಯಲ್ಲಿ ಬಳಪ ಹಿಡಿಯಿತು, ಯಾರ ಪಕ್ಕ ಕೂತಿತು, ಮೆಟ್ಟಿಲಿಳಿಯುವಾಗ ಎಲ್ಲಿ ನಿಂತಿತು, ಬಿದ್ದರೆ ಯಾರನ್ನು ಹುಡುಕಿತು, ಎಲ್ಲವನ್ನೂ ಸಣ್ಣ ಚೀಟಿಗಳಲ್ಲಿ ಬರೆದು ಏಪ್ರನ್ನಿನ ಜೇಬಿಗೆ ತುರುಕುತ್ತಿದ್ದಳು. ತಾಯಂದಿರು ಅವಳನ್ನು ಚೀಟಿ ಟೀಚರ್ ಎಂದೇ ಕರೆಯುತ್ತಿದ್ದರು. ಶುಕ್ರವಾರ ಮನೆಯವರೊಬ್ಬರು ಬಂದು ಕೂರಬೇಕು. ಅದು ನೋಡುವ ದಿನ. ಉಳಿದ ತಾಯಂದಿರು ಹೊಸ ಬಟ್ಟೆ ಹಾಕಿಕೊಂಡು ಬಂದು, ನಮ್ಮವನು ಎಷ್ಟು ಚೂಟಿ ಎಂದು ಬೀಗಿ ಹೋಗುತ್ತಿದ್ದರು. ಸೊಸೆ ಮಾತ್ರ ವರ್ಷದ ಶುರುವಿನಿಂದಲೂ ಕರೆಯುವ ಆ ಚೀಟಿ ಯಾವತ್ತು ಬಂದೀತೋ ಎಂದು ಹೆದರುತ್ತಲೇ ದಿನಾ ಮಗಳ ಚೀಲ ತೆರೆಯುತ್ತಿದ್ದಳು.

"ಒಂದು ದಾರಿ ಇದೆ," ಎಂದರು ಅತ್ತೆ, ಸೋಮವಾರ ಸಂಜೆಯೇ. "ಮಕ್ಕಳ ಎದುರಿಗೆ ನೀನು ಕೂತ್ಕೋ. ಗಂಟೆ ಬಾರಿಸಿದ್ರೆ ಮೂಗು ಮುಟ್ಕೋ. ಬೀಗದ ಕೈಗೆ ಗದ್ದ. ಕಾಗದಕ್ಕೆ ಕೆನ್ನೆ. ಡ್ರಮ್ಮಿಗೆ ಹಣೆ."

"ಅತ್ತೆ, ಅವರಿಗೆ ಗೊತ್ತಾಗಲ್ವಾ?"

"ಮೂಗು ನಿನ್ನದು, ಕೈ ನಿನ್ನದು. ಅವರಪ್ಪನ ಗಂಟೇನು ಹೋಗುತ್ತೆ?"

ನಾಲ್ಕು ಸಂಜೆ ಅಭ್ಯಾಸ ನಡೆಯಿತು. ಅತ್ತೆ ಟೀಚರ್ ಆದರು. ಹೆಗಲಿಗೆ ಒರೆಸುವ ಬಟ್ಟೆ ಹಾಕಿಕೊಂಡು, ಬುಗುರಿಯ ಬೆನ್ನ ಹಿಂದೆ ನಿಂತು, ಲೋಟಕ್ಕೆ ಚಮಚ ಬಡಿದರು, ಪೇಪರು ಮುದುರಿದರು. ಸೊಸೆ ಮೂಗು ಮುಟ್ಟಿದಳು, ಕೆನ್ನೆ ಮುಟ್ಟಿದಳು. ಎದುರಿಗೆ ಹಾಸಿದ ಚಿತ್ರಗಳಲ್ಲಿ ಬುಗುರಿ ಸರಿಯಾದದ್ದನ್ನೇ ಎತ್ತಿ, ಗೆದ್ದೆನೆಂದು ಒಂದು ಸುತ್ತು ತಿರುಗಿ ಕೂರುತ್ತಿದ್ದಳು. ಅವಳಿಗದು ಹೊಸ ಆಟ.

"ನೋಡು ಕಳ್ಳಿ ಹೇಗೆ ಕಲಿತಳು! ಅವರಮ್ಮನಿಗಿಂತ ಚುರುಕು." ಅತ್ತೆ ನಕ್ಕರು. ನಗು ಅರ್ಧದಲ್ಲೇ ಇಂಗಿತು.

ಹಗಲು ಹೊತ್ತು ಸೊಸೆ ದರ್ಜಿ ಅಂಗಡಿಯಲ್ಲಿ ಗುಂಡಿ ತೂರುವ ಕಾಜ ಹೊಲಿಯುತ್ತಿದ್ದಳು. ಬುಧವಾರದ ಹೊತ್ತಿಗೆ ಕೈ ತಾನಾಗಿ ಮುಖಕ್ಕೆ ಹೋಗತೊಡಗಿತು. ಹೊರಗೆ ಸೈಕಲ್ ಗಂಟೆ ಕೇಳಿದರೆ ಮೂಗು, ಗಿರಾಕಿ ಬೀಗದ ಕೈಗಳ ಗೊಂಚಲು ಆಡಿಸಿದರೆ ಗದ್ದ.

"ಏನಮ್ಮಾ, ಕಾಜ ಹೊಲಿ ಅಂದ್ರೆ ಮೂಗು ಹೊಲಿಯೋ ಹಾಗಿದ್ದೀಯಲ್ಲ," ಎಂದರು ಅಂಗಡಿಯ ಮಾಸ್ಟರು. "ಸೂಜಿ ಇದೆ ಕೈಯಲ್ಲಿ, ಹುಷಾರು."

ಅವಳು ನಕ್ಕಂತೆ ಮಾಡಿದಳು. ಮೇಜಿನ ಮೇಲಿದ್ದ ಶರಟಿನಲ್ಲಿ ಮೂರನೇ ಕಾಜ ಅಡ್ಡಲಾಗಿ ಬಿದ್ದಿತ್ತು. ಬಿಚ್ಚಿ ಮತ್ತೆ ಹೊಲಿದಳು. ಆಗಲೂ ಅಡ್ಡವೇ.

ಶುಕ್ರವಾರ ಬೆಳಿಗ್ಗೆ ಸೊಸೆ ತರಗತಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟಳು. ಒಳಗೆ ಎಲ್ಲ ಗಿಡ್ಡವಾಗಿತ್ತು: ನೀಲಿ ಕುರ್ಚಿಗಳು, ಕೈತೊಳೆಯುವ ತೊಟ್ಟಿ, ಮಗುವೇ ಬಗ್ಗಿಸಿಕೊಳ್ಳಲೆಂದು ಇಟ್ಟ ನೀರಿನ ಜಗ್ಗು. ಗೋಡೆಯ ಗೂಟಗಳಿಗೆ ಹೆಸರಿನ ಬದಲು ಚಿತ್ರ ಅಂಟಿಸಿದ್ದರು. ಬುಗುರಿ ಓಡಿಹೋಗಿ ಮೀನಿನ ಗೂಟಕ್ಕೆ ಚೀಲ ತಗುಲಿಸಿದಳು. ಇಷ್ಟು ಸಣ್ಣ ಕುರ್ಚಿಗಳಿರುವ ಜಾಗದಲ್ಲಿ ಇಷ್ಟು ಹೆದರಿಕೆ ಯಾಕೆ ಎಂದು ಅಮ್ಮ ತನ್ನನ್ನೇ ಕೇಳಿಕೊಂಡಳು.

ಟೀಚರ್ ಗೋಡೆಯ ಪಕ್ಕ ಒಂದು ದೊಡ್ಡ ಕುರ್ಚಿ ಇಟ್ಟಿದ್ದಳು. ಸಣ್ಣ ಕುರ್ಚಿಗಳೆಲ್ಲ ಕಿಟಕಿಯತ್ತ ತಿರುಗಿದ್ದವು.

"ನಾನು ಕಿಟಕಿ ಹತ್ರ ಕೂರ್ಲಾ ಟೀಚರ್? ಗಾಳಿ ಬರುತ್ತೆ."

"ಎಲ್ಲಿ ಬೇಕಾದ್ರೂ ಕೂರಿ," ಎಂದಳು ಟೀಚರ್. ಕಿವಿಯ ಮೇಲೆ ಪೆನ್ಸಿಲು ಸಿಕ್ಕಿಸಿಕೊಂಡಿದ್ದಳು.

ಹತ್ತು ಗಂಟೆಗೆ ಆಟ ಶುರುವಾಯಿತು. ಮಕ್ಕಳು ಕಿಟಕಿಗೆ ಮುಖ ಮಾಡಿ ಅರ್ಧ ವೃತ್ತದಲ್ಲಿ ಕೂತರು. ಟೀಚರ್ ಅವರ ಬೆನ್ನ ಹಿಂದೆ ಮೇಜಿನ ಬಳಿ ನಿಂತಳು. ಒಬ್ಬೊಬ್ಬರ ಮುಂದೆಯೂ ಚಿತ್ರದ ರಟ್ಟುಗಳನ್ನು ಹರಡಿದ್ದರು. ಅಮ್ಮ ಎಣಿಸಿದಳು. ಗಂಟೆ, ಬೀಗದ ಕೈ, ಕಾಗದ, ಡ್ರಮ್ಮು. ಐದನೆಯದೂ ಒಂದಿತ್ತು. ಬಿಳಿ ರಟ್ಟು, ಅದರ ಮೇಲೆ ಏನೂ ಇಲ್ಲ.

ಚೀಟಿಯಲ್ಲಿ ನಾಲ್ಕೇ ಬರೆದಿತ್ತು. ಇದು ಯಾವುದಕ್ಕೆ?

ಟೀಚರ್ "ಈಗ" ಎಂದು ಕಾಗದ ಮುದುರಿದಳು. ಅಮ್ಮ ಕೆನ್ನೆ ಮುಟ್ಟಿದಳು. ಬುಗುರಿ ಕಾಗದದ ರಟ್ಟನ್ನು ಎತ್ತಿದಳು. ಡ್ರಮ್ಮು: ಹಣೆ. ಬೀಗದ ಕೈ: ಗದ್ದ. ಮತ್ತೆ ಕಾಗದ. ಬುಗುರಿ ಒಂದನ್ನೂ ತಪ್ಪಲಿಲ್ಲ. ಪಕ್ಕದ ಮಕ್ಕಳಿಗಿಂತ ಮೊದಲೇ ಎತ್ತುತ್ತಿದ್ದಳು. ಅಷ್ಟು ಬೇಗ ಬೇಡ ಪುಟ್ಟಾ, ಅಷ್ಟು ಬೇಗ ಬೇಡ ಎಂದು ಅಮ್ಮನ ಒಳಗೆ ಯಾರೋ ಬೇಡಿಕೊಳ್ಳುತ್ತಿದ್ದರು. ಎದೆಯ ಬಡಿತ ಕಿವಿಯಲ್ಲೇ ಬಡಿಯುತ್ತಿತ್ತು. ಮೈಯೆಲ್ಲ ಕಣ್ಣಾಗಿ ಅವಳು ಟೀಚರ್‌ಳ ಕೈಯನ್ನೇ ನೋಡುತ್ತಿದ್ದಳು.

ಟೀಚರ್ "ಈಗ" ಎಂದು ಗಂಟೆಯನ್ನು ಎತ್ತಿ ಆಡಿಸಿದಳು. ಅಮ್ಮ ಮೂಗು ಮುಟ್ಟಿದಳು. ಬುಗುರಿ ಗಂಟೆಯ ರಟ್ಟನ್ನು ಎತ್ತಿ ತಲೆಯ ಮೇಲೆ ಹಿಡಿದಳು.

ಉಳಿದ ಮಕ್ಕಳೆಲ್ಲ ಎತ್ತಿದ್ದು ಬಿಳಿ ರಟ್ಟು.

ಆಗ ಅಮ್ಮನಿಗೆ ಕಾಣಿಸಿತು. ಟೀಚರ್‌ಳ ಬೆರಳು ಗಂಟೆಯ ಒಳಗಿತ್ತು, ನಾಲಗೆಯನ್ನು ಹಿಡಿದಿತ್ತು. ಗಂಟೆ ಸದ್ದು ಮಾಡಿರಲೇ ಇಲ್ಲ. ಅಮ್ಮ ಕಿವಿಯಿಂದ ಆಡುವುದನ್ನು ಯಾವಾಗಲೋ ಬಿಟ್ಟು ಕಣ್ಣಿನಿಂದ ಆಡುತ್ತಿದ್ದಳು.

"ಬಾರಿಸ್ಲೇ ಇಲ್ಲ! ಮಿಸ್ ಬಾರಿಸ್ಲೇ ಇಲ್ಲ!" ಎರಡು ಜಡೆಯ ಹುಡುಗಿಯೊಬ್ಬಳು ಎದ್ದು ನಿಂತಳು. "ಮಿಸ್, ಅವರಮ್ಮ ಹಿಂಗೆ ಮೂಗು ಮುಟ್ಕೊಂಡ್ರು. ಡ್ರಮ್ಮಿಗೆ ಹಿಂಗೆ ಮಾಡಿದ್ರು." ಹಣೆ ತಟ್ಟಿ ತೋರಿಸಿದಳು. ಮಕ್ಕಳೆಲ್ಲ ಹೋ ಎಂದು ನಕ್ಕು ಮೂಗು, ಹಣೆ, ಗದ್ದ ಮುಟ್ಟಿಕೊಳ್ಳತೊಡಗಿದರು. ಬುಗುರಿ ಸುತ್ತಲೂ ನೋಡಿದಳು. ಎಲ್ಲರೂ ತನ್ನ ಆಟ ಆಡುತ್ತಿದ್ದಾರೆಂದು ತಿಳಿದು ತಾನೂ ನಕ್ಕಳು.

ಟೀಚರ್ ಅಮ್ಮನನ್ನು ನೋಡಿದಳು. ಬಹಳ ಹೊತ್ತೇನೂ ಅಲ್ಲ.

"ಅವರಿಗೆ ಸೊಳ್ಳೆ ಕಚ್ಚಿರಬೇಕು ಕಣೆ, ಕೂತ್ಕೋ," ಎಂದಳು ಜಡೆಯ ಹುಡುಗಿಗೆ. "ಸರಿ, ಈಗ ಎಲ್ರೂ ಮರಳಿಗೆ."

ಶಾಲೆಯ ಆಯಾ ಬಂದು ಮಕ್ಕಳನ್ನು ಅಂಗಳಕ್ಕೆ ಕರೆದುಕೊಂಡು ಹೋದಳು. ಕೋಣೆಯಲ್ಲಿ ಇಬ್ಬರೇ ಉಳಿದರು. ಅವಳಿಗೆ ಎದ್ದು ಮಗುವನ್ನು ಎತ್ತಿಕೊಂಡು ಓಡಿಬಿಡೋಣವೆನ್ನಿಸಿತು.

ಟೀಚರ್ ಕಪಾಟಿನಿಂದ ಒಂದು ಬೂಟಿನ ಪೆಟ್ಟಿಗೆ ತಂದು, ಅವಳೆದುರಿನ ಸಣ್ಣ ಕುರ್ಚಿಯಲ್ಲಿ ಮೊಣಕಾಲು ಎದೆಗೆ ಬರುವಂತೆ ಕೂತಳು.

"ಕಳಿಸಬೇಡಿ," ಎಂದಳು ಅಮ್ಮ. ಬೇರೆ ಏನೋ ಹೇಳಬೇಕೆಂದಿದ್ದಳು, ಬಾಯಿಂದ ಬಂದದ್ದು ಅದು.

"ಎಲ್ಲಿಗೆ?"

ಟೀಚರ್ ಪೆಟ್ಟಿಗೆಯಿಂದ ಒಂದು ಹಿಡಿ ಚೀಟಿ ತೆಗೆದು ಅವಳ ಮಡಿಲಿಗೆ ಹಾಕಿದಳು. "ಓದಿ. ನಿಮ್ಮ ಮಗಳವು. ಅವಳ ವಾರ ಬರಲಿ ಅಂತ ನಾನು ಕಾಯಲಿಲ್ಲ."

ಮೊದಲನೆಯದರ ತಾರೀಖು ಎರಡು ತಿಂಗಳ ಹಿಂದಿನದು. ‘ಹಿಂದಿನಿಂದ ಕರೆದೆ. ತಿರುಗಲಿಲ್ಲ. ಎದುರಿಗೆ ಬಂದು ಕರೆದೆ. ನಕ್ಕಳು.’

‘ಬೇರೆಯವರು ಎದ್ದ ಮೇಲೆ ಏಳುತ್ತಾಳೆ. ಅರೆಕ್ಷಣ ತಡ.’

‘ಹಾಲು ಬೇಕಾ ಅಂದೆ, ತಲೆಯಾಡಿಸಿದಳು. ಹಾಲು ಬೇಡ್ವಾ ಅಂದೆ, ತಲೆಯಾಡಿಸಿದಳು.’

‘ಇಂದಿನಿಂದ ಬೆಳಕಿಗೆ ಮುಖ ಮಾಡಿ ನಿಂತು ಮಾತಾಡುವುದು. ಅವಳಿಗೆ ನನ್ನ ತುಟಿ ಕಾಣಬೇಕು.’

‘ಕಥೆ ಹೇಳುವಾಗ ಬೊಂಬೆಗಳನ್ನು ಅವಳ ಮುಂದೆ ಇಟ್ಟೆ. ಆಮೇಲೆ ತಾನೇ ಕಥೆ ಆಡಿ ತೋರಿಸಿದಳು. ನಾನು ಹೇಳದ ಒಂದು ಭಾಗವೂ ಇತ್ತು: ಕರಡಿ ಬಾಗಿಲ ಹಿಂದೆ ಯಾರದೋ ಚಪ್ಪಲಿ ಹುಡುಕಿತು.’

ಅವಳು ಅದನ್ನು ಓದಿ, ಕೆಳಗಿಟ್ಟು, ಮುಂದಿನದನ್ನು ತೆಗೆದಳು. ಅದರ ಅಕ್ಷರ ಬೇರೆಯವರದೋ ಎನ್ನುವಷ್ಟು ಸೊಟ್ಟಗಿತ್ತು.

‘ಬುಧವಾರ. ಗೇಟಿನ ಬಳಿ ತರಕಾರಿ ವ್ಯಾನು ಹಿಂದಕ್ಕೆ ಬಂತು. ಕೂಗಿದೆ. ಮಕ್ಕಳೆಲ್ಲ ಓಡಿದರು. ಅವಳು ಎಲೆ ಆರಿಸುತ್ತಾ ಕೂತಿದ್ದಳು. ಓಡಿ ಎಳೆದುಕೊಂಡೆ.’

"ಈ ಬುಧವಾರಾನಾ?"

"ಮೊನ್ನೆ. ನಿಮಗೆ ಹೇಳಬೇಕಿತ್ತು. ಎರಡು ತಿಂಗಳ ಹಿಂದೆಯೇ ಕೇಳಬೇಕಿತ್ತು." ಟೀಚರ್ ಕಿವಿಯ ಮೇಲಿನ ಪೆನ್ಸಿಲನ್ನು ತೆಗೆದು ಮತ್ತೆ ಅಲ್ಲೇ ಇಟ್ಟಳು. "ಕೇಳಿದ್ರೆ ಮಗುವನ್ನ ಬಿಡಿಸಿಕೊಂಡು ಹೋಗ್ತೀರೇನೋ ಅಂತ ಭಯ. ನೀವೇ ಹೇಳ್ತೀರಿ ಅಂತ ಕಾದೆ. ಆ ವ್ಯಾನು ಇನ್ನೊಂದು ಅಡಿ ಬಂದಿದ್ರೆ ನಾವಿಬ್ರೂ ಹೀಗೆ ಕೂತಿರ್ತಿರಲಿಲ್ಲ."

ಬುಧವಾರ ಆ ಹೊತ್ತಿಗೆ ಅಮ್ಮ ಅಂಗಡಿಯಲ್ಲಿ, ಸೈಕಲ್ ಗಂಟೆಗೆ ಮೂಗು ಮುಟ್ಟುತ್ತಿದ್ದಳು.

"ಸೋಮವಾರ ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡೋರು ಬರ್ತಾರೆ. ನಾನು ಹೇಳಿಟ್ಟಿದ್ದೀನಿ. ಎಷ್ಟು ಕೇಳುತ್ತೆ, ಏನು ಕೇಳಲ್ಲ ಅಂತ ಗೊತ್ತಾದ್ರೆ ತಾನೇ ನಾವು ಕಲಿಸೋದು? ಈಗ ನಾನು ಕತ್ತಲಲ್ಲಿ ತಡಕಾಡ್ತಿದ್ದೀನಿ."

"ಆಮೇಲೆ ಇಲ್ಲೇ ಇರ್ತಾಳಾ?"

ಹೌದು ಎಂದು ಹೇಳಲಿ ಎಂದು ಅವಳು ಜೀವ ಕೈಯಲ್ಲಿ ಹಿಡಿದು ಕಾದಳು.

"ನನಗೆ ಇಟ್ಕೊಳ್ಳೋ ಆಸೆ," ಎಂದಳು ಟೀಚರ್. "ಬರೆದುಕೊಡೋಕೆ ಆಗಲ್ಲ. ಸುಳ್ಳು ಹೇಳಲ್ಲ ನಿಮಗೆ."

ಮನೆಗೆ ಬಂದು ಅವಳು ಎಲ್ಲವನ್ನೂ ಹೇಳಿದಳು, ವ್ಯಾನಿನದನ್ನು ಕೊನೆಗೆ. ಅತ್ತೆ ಎದ್ದು ಒಳಗೆ ಹೋದರು. ಹಿಂದಿರುಗಿದಾಗ ಕೈಯಲ್ಲಿ ಬಟ್ಟೆಯ ಚೀಲವಿತ್ತು, ಬುಗುರಿಯ ಎರಡು ಫ್ರಾಕು ಅದರಿಂದ ಹೊರಗೆ ಇಣುಕುತ್ತಿದ್ದವು.

"ನಮ್ಮಣ್ಣನ ಮನೆಗೆ ಕರ್ಕೊಂಡು ಹೋಗ್ತೀನಿ. ಅಲ್ಲಿ ಯಾರ ಚೀಟಿಯೂ ಬರಲ್ಲ."

"ಅಲ್ಲಿ ವ್ಯಾನು ಓಡಾಡಲ್ವಾ ಅತ್ತೆ?"

"ಬಾಯಿ ಮುಚ್ಚು."

"ನಿಮ್ಮಣ್ಣನ ಮನೆ ರಸ್ತೆ ಮೇಲೇ ಇದೆ. ಎಷ್ಟು ದಿನ ಅಂತ ಕೈ ಹಿಡ್ಕೊಂಡೇ ಇರ್ತೀರಿ? ನಿಮಗೆ ಕಣ್ಣು ಮಂಜಾಗ್ತಿದೆ, ನಾನು ದಿನಾ ಅಂಗಡಿಗೆ ಹೋಗ್ಬೇಕು."

"ನಿನಗೇನು ಗೊತ್ತು?" ಅತ್ತೆಯ ದನಿ ಏರಿತು. ಬುಗುರಿ ಅಲ್ಲೇ ನೆಲದ ಮೇಲೆ ಮಲಗಿ ಕಾಲು ಆಡಿಸುತ್ತಿದ್ದಳು. "ನನ್ನ ಮಗಳನ್ನ ಶಾಲೆಯವರು ಕಳಿಸಿದ್ರು, ಕಳಿಸಿದ್ರು ಅಂತ ನಾನು ಹೇಳ್ಕೊಂಡು ಬಂದೆ, ನೀನು ಕೇಳ್ಕೊಂಡು ಬಂದೆ. ರೈಲಲ್ಲಿ ಕರ್ಕೊಂಡು ಹೋದೋಳು ನಾನು. ಆ ಹಾಸ್ಟೆಲಿನ ಬಾಗಿಲಲ್ಲಿ ಬೊಂಬೆ ಕೊಟ್ರು, ಅವಳು ಬೊಂಬೆ ನೋಡ್ತಾ ಆ ಕಡೆ ತಿರುಗಿದ್ಲು. ಇದೇ ಸರಿಯಾದ ಹೊತ್ತು ಅಂತ ನಾನು ಎದ್ದೆ. ರಜಕ್ಕೆ ಬರ್ತೀನಿ ಮಗಳೇ ಅಂತ ಅವಳ ಬೆನ್ನಿಗೆ ಹೇಳಿದೆ. ಬೆನ್ನಿಗೆ! ಕೇಳದೇ ಇರೋ ಮಗುವಿಗೆ! ತಿರುಗಿ ನೋಡಿದಾಗ ಅವಳಿಗೆ ಏನನ್ನಿಸಿತೋ. ನಾಲ್ಕು ತಿಂಗಳು ಏನಂದ್ಕೊಂಡು ಇದ್ಲೋ."

ಚೀಲ ಕೆಳಗಿಟ್ಟರು. ಕೂತರು.

ಸೊಸೆಗೆ ಸಮಾಧಾನ ಹೇಳಲು ಗೊತ್ತಾಗಲಿಲ್ಲ. ಆ ಕೆಲಸ ಅವಳಿಗೆ ಮರೆತೇ ಹೋಗಿತ್ತು. ಚೀಲದಿಂದ ಫ್ರಾಕುಗಳನ್ನು ತೆಗೆದು ಮಡಚಿ ಒಳಗಿಟ್ಟು ಬಂದಳು.

"ಸೋಮವಾರ ನೀವೂ ಬನ್ನಿ," ಎಂದಳು.

ಶನಿವಾರ ಅತ್ತೆ ಅವಳೊಂದಿಗೆ ಮಾತಾಡಲಿಲ್ಲ. ಭಾನುವಾರ, ಉಪ್ಪು ಜಾಸ್ತಿ ಆಯ್ತು ಎಂದರು, ಅಷ್ಟೇ. ಸೋಮವಾರ ಎಲ್ಲರಿಗಿಂತ ಮೊದಲು ಎದ್ದು ತಲೆ ಬಾಚಿಕೊಂಡು ಬಾಗಿಲಲ್ಲಿ ನಿಂತಿದ್ದರು.

ಆಸ್ಪತ್ರೆಯ ಮೊಗಸಾಲೆಯ ಉದ್ದಕ್ಕೂ ಹಸಿರು ಬೆಂಚುಗಳು, ಬೆಂಚುಗಳ ತುಂಬ ಜನ. ಕೊನೆಯಲ್ಲಿ ದಪ್ಪ ಬಾಗಿಲಿನ ಕೋಣೆ, ಕಿಟಕಿಯಿಲ್ಲ. ಒಳಗೆ ಹೋದ ಮಕ್ಕಳ ಅಳು ಬಾಗಿಲು ಹಾಕಿದೊಡನೆ ಕತ್ತರಿಸಿದ ಹಾಗೆ ನಿಂತುಹೋಗುತ್ತಿತ್ತು. ಅದನ್ನು ನೋಡಿ ಅತ್ತೆ ಮೊಮ್ಮಗಳ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದರೆಂದರೆ ಅವಳು ಮುಖ ಕಿವಿಚಿ ಕೈ ಬಿಡಿಸಿಕೊಂಡಳು.

ಗುಮಾಸ್ತ ಫಾರಮ್ಮು ಹಿಡಿದು ಬೆಂಚಿಗೇ ಬಂದ. ವಯಸ್ಸು, ಹೆರಿಗೆ ಹೇಗಾಯಿತು, ಮನೆಯಲ್ಲಿ ಬೇರೆ ಯಾರಿಗಾದರೂ ಇತ್ತಾ. ಆಮೇಲೆ ತಲೆ ಎತ್ತದೆಯೇ ಕೇಳಿದ: "ಕೇಳಲ್ಲ ಅಂತ ನಿಮಗೆ ಯಾವಾಗ ಗೊತ್ತಾಯ್ತು?"

ಇದನ್ನು ಅವಳು ನಿರೀಕ್ಷಿಸಿರಲಿಲ್ಲ. ಈಗೀಗ ಎಂದರೆ ಮುಗಿಯಿತು. ಹೋದ ತಿಂಗಳು, ಶಾಲೆಯವರು ಹೇಳಿದ ಮೇಲೆ. ಯಾರು ಬಂದು ನೋಡಿದ್ದಾರೆ? ಎರಡು ವರ್ಷ ಎಂದರೆ ಏನು ಮಾಡುತ್ತಾರೆ, ಮಗುವನ್ನು ಕಿತ್ತುಕೊಳ್ಳುತ್ತಾರಾ? ಅವಳ ಬಾಯಿ ತೆರೆಯಿತು.

"ಎರಡು ವರ್ಷ ಆಯ್ತು," ಎಂದರು ಅತ್ತೆ. "ಇಬ್ಬರಿಗೂ ಗೊತ್ತಿತ್ತು. ಬರ್ಕೊಳ್ಳಿ."

ಗುಮಾಸ್ತ ಬರೆದುಕೊಂಡ. ಅವನ ಪೆನ್ನು ಒಂದು ಸಲವೂ ನಿಲ್ಲಲಿಲ್ಲ.

ಕೋಣೆಯ ಬಾಗಿಲು ತೆರೆಯಿತು. ಬಿಳಿ ಕೋಟಿನ ಹೆಂಗಸೊಬ್ಬಳು ಹೊರಬಂದು ಬುಗುರಿಯನ್ನು ಶಾಲೆಯಲ್ಲಿ ಬರೆಸಿದ ಹೆಸರು ಹಿಡಿದು ಕರೆದಳು. ಬುಗುರಿ ಬೆಂಚಿನಿಂದಿಳಿದು ಅಮ್ಮನ ಎದುರಿಗೆ, ಆ ಹೆಂಗಸಿಗೆ ಬೆನ್ನು ಹಾಕಿ ನಿಂತಿದ್ದಳು. ಹೆಂಗಸು ಇನ್ನೊಮ್ಮೆ ಕರೆದಳು, ಗಟ್ಟಿಯಾಗಿ. ಮೊಗಸಾಲೆಯ ತಲೆಗಳೆಲ್ಲ ಇತ್ತ ತಿರುಗಿದವು. ಅಮ್ಮನ ಕೈ ಎದ್ದಿತು, ಮಗಳ ಹೆಗಲನ್ನು ತಟ್ಟಿ ತಿರುಗಿಸಲು. ಹಾಗೇ ನಿಂತಿತು.

"ಅವಳಿಗೆ ಕೇಳಿಸಲ್ಲ," ಎಂದಳು.

ಅಷ್ಟು ಜನರ ಮಧ್ಯೆ ಅದು ಬಹಳ ದೊಡ್ಡದಾಗಿ ಕೇಳಿಸಿತು. ಬುಗುರಿ ತನಗೆ ಕಲಿಸಿದ ಹಾಗೆ ಅಮ್ಮನ ತುಟಿಯನ್ನೇ ನೋಡುತ್ತಿದ್ದಳು. ಅವಳು ಆ ಮಾತನ್ನು ಓದಿಕೊಂಡಳೋ ಇಲ್ಲವೋ, ಮುಖದಿಂದ ತಿಳಿಯಲಿಲ್ಲ.